ಡೋಲೊಮೈಟ್ಸ್: ಅಪ್ಪ-ಅಮ್ಮನ ಜೊತೆ, ಕಾರಿಲ್ಲದೆ 7 ರಾತ್ರಿ. ಈ ಪ್ಲಾನ್ ನಡೆಯುತ್ತಾ?

ಕೋಟೆಗುಡ್ಡ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೊದಲ ಎರಡು ವಾರದೊಳಗೆ ಇಟಲಿಯ ಉತ್ತರದ ತುದಿಗೆ, ಡೋಲೊಮೈಟ್ಸ್ ಬೆಟ್ಟಗಳಿರೋ ಸೌತ್ ಟಿರೋಲ್ ಪ್ರಾಂತ್ಯಕ್ಕೆ ಹೋಗೋದಿದೆ. ಒಟ್ಟು 7 ರಾತ್ರಿ, ನಾಲ್ಕು ಜನ: ನಾವಿಬ್ಬರು, ಅಪ್ಪ (68), ಅಮ್ಮ (63). ಅಮ್ಮನಿಗೆ ಮೊಣಕಾಲು ನೋವು. ಸಮತಟ್ಟಾದ ದಾರಿಯಾದರೆ ಎರಡು ಗಂಟೆ ಆರಾಮಾಗಿ ನಡೀತಾರೆ, ಇಳಿಜಾರು ಬಂತೆಂದರೆ ಕಷ್ಟ. ಮಾಂಸ ಯಾರಿಗೂ ಆಗಲ್ಲ, ಅಮ್ಮನಿಗೆ ಮೊಟ್ಟೆನೂ ಆಗಲ್ಲ. ಕಾರು ಬಾಡಿಗೆಗೆ ತಗೊಳ್ಳೋ ಮನಸ್ಸಿಲ್ಲ, ಬೇಕೇ ಬೇಕು ಅಂದರೆ ನೋಡೋಣ.

ಏಳೂ ರಾತ್ರಿ ಬೋಲ್ಜಾನೊ ಊರಲ್ಲೇ ಉಳಿದು ದಿನಕ್ಕೊಂದು ಜಾಗ ಅಂತ ಬರೆದುಕೊಂಡಿದ್ದೀವಿ: ಬ್ರಾಯೆಸ್ ಕೆರೆ, ಟ್ರೆ ಚಿಮೆ ಶಿಖರಗಳು, ಸೆಚೇದಾ ಬೆಟ್ಟ, ಆಲ್ಪೆ ದಿ ಸಿಯೂಸಿ ಹುಲ್ಲುಗಾವಲು, ಕರೆಜ್ಜಾ ಕೆರೆ, ನೀರೊಳಗೆ ಗೋಪುರ ನಿಂತಿರೋ ರೇಸಿಯಾ ಕೆರೆ, ಕೊನೆಗೆ ಸ್ಟೆಲ್ವಿಯೊ ಘಾಟ್. ಇದು ಆಗೋ ಮಾತಾ? ಚಳಿ ಎಷ್ಟಿರುತ್ತೆ, ಊಟಕ್ಕೇನು, ಯಾವುದನ್ನು ಮೊದಲೇ ಬುಕ್ ಮಾಡಬೇಕು, ತಿಳಿದವರು ಹೇಳಿ.

ಗಂಗಾವತಿ ಸೋನಾ

ಜಾಗ ಎಲ್ಲಾ ಛಲೋನ ಆರಿಸೀರಿ. ಉಳಿಯೋ ಊರು ತಪ್ಪೇತಿ. ನಕಾಶೆ ಮ್ಯಾಲೆ ಬೋಲ್ಜಾನೊ ನಟ್ಟನಡುವೆ ಕಾಣತೈತಿ, ಖರೆ. ಆದ್ರ ಅದು ಇರೋದು 262 ಮೀಟರ್ ಎತ್ತರದ ಕಣಿವಿಯ ತಳದಾಗ, ನಮ್ಮ ಬಳ್ಳಾರಿ-ಕೊಪ್ಪಳಕ್ಕಿಂತ ತೆಳಗ. ಬ್ಯಾಸಿಗ್ಯಾಗ 35 ಡಿಗ್ರಿ ಮುಟ್ಟತೈತಿ, "ಆಲ್ಪ್ಸ್‌ಗೆ ಬಂದು ಮತ್ತ ಇದ ಸೆಕಿಯಾ" ಅನ್ನಸ್ತೈತಿ. ಅಲ್ಲಿಂದ ಬ್ರಾಯೆಸ್ ಕೆರಿಗೆ ಹೋಗಬೇಕಂದ್ರ ರೈಲು ಹತ್ತಿ ಫೊರ್ಟೆಜ್ಜಾದಾಗ ಬದಲ್ ಮಾಡಬೇಕು, ವಿಲ್ಲಾಬಾಸ್ಸಾದಾಗ ಇಳದು ಬಸ್ ಹಿಡೀಬೇಕು. ಹೋಗಾಕ ಮೂರು ತಾಸು, ಬರಾಕ ಮೂರು ತಾಸು. ವಯಸ್ಸಾದವರ ಜೋಡಿ ಇದು ಬ್ಯಾಡ್ರಿ.

ಎರಡು ಕಡೆ ಉಳೀರಿ. ಮೊದಲ 4 ರಾತ್ರಿ ವಾಲ್ ಗಾರ್ದೇನಾ ಕಣಿವಿಯ ಒರ್ಟಿಸೇಯಿ ಊರಾಗ, ಆಮ್ಯಾಲೆ 3 ರಾತ್ರಿ ಪೂರ್ವದ ದೊಬ್ಬಿಯಾಕೊದಾಗ. ಒರ್ಟಿಸೇಯಿಂದ ಸೆಚೇದಾಕ್ಕೂ ಆಲ್ಪೆ ದಿ ಸಿಯೂಸಿಗೂ ಊರೊಳಗಿಂದಲೇ ಕೇಬಲ್ ಕಾರ್ ಐತಿ, ಬಸ್ ಸೈತ ಬೇಕಿಲ್ಲ. ದೊಬ್ಬಿಯಾಕೊದಿಂದ 442 ನಂಬರ್ ಬಸ್ ಬ್ರಾಯೆಸ್ ಕೆರಿಗೆ, 444 ನಂಬರ್ ಬಸ್ ಟ್ರೆ ಚಿಮೆಗೆ. ರೇಸಿಯಾ ಮತ್ತ ಸ್ಟೆಲ್ವಿಯೊ ಇರೋದು ಪ್ರಾಂತ್ಯದ ಪಶ್ಚಿಮದ ತುದಿಯಾಗ. ಈ ಸಲ ಎರಡನ್ನೂ ಬಿಟ್ಟುಬಿಡ್ರಿ.

ಹೆಸರಿನ ಗೊಂದಲ ಒಂದು ಐತಿ. 1919ರ ತನಕ ಇದು ಆಸ್ಟ್ರಿಯಾದ ನಾಡು, ಈಗಲೂ ಹೆಚ್ಚಿನ ಮಂದಿ ಮನ್ಯಾಗ ಆಡೋದು ಜರ್ಮನ್. ಗಾರ್ದೇನಾದಾಗ ಲದೀನ್ ಅಂತ ಇನ್ನೊಂದು ಭಾಷೆ. ಹಿಂಗಾಗಿ ಒಂದ ಊರಿಗೆ ಎರಡು-ಮೂರು ಹೆಸರು: ಒರ್ಟಿಸೇಯಿ ಅಂದ್ರ ಜರ್ಮನ್‌ದಾಗ ಸಾಂಕ್ಟ್ ಉಲ್ರಿಖ್, ಬೋಲ್ಜಾನೊ ಅಂದ್ರ ಬೋಟ್ಸೆನ್, ದೊಬ್ಬಿಯಾಕೊ ಅಂದ್ರ ಟೋಬ್ಲಾಖ್, ಬ್ರಾಯೆಸ್ ಅಂದ್ರ ಪ್ರಾಗ್ಸ್, ಟ್ರೆ ಚಿಮೆ ಅಂದ್ರ ದ್ರೈ ಜಿನ್ನೆನ್. ಬಸ್ಸಿನ ಬೋರ್ಡ್‌ನ್ಯಾಗ ಜರ್ಮನ್ ಹೆಸರು ಓಡಾಕತ್ತಿದ್ರ "ಇದು ನಮ್ಮ ಬಸ್ಸಲ್ಲ" ಅಂತ ನಿಂತಬಿಡತಾರ ಮಂದಿ. ಎರಡೂ ಹೆಸರು ಒಂದು ಚೀಟಿಯಾಗ ಬರಕೊಂಡು ಕಿಸೇದಾಗ ಇಟ್ಕೊಳ್ರಿ.

ಇನ್ನ ಬುಕಿಂಗ್. ರೂಮು ಹಿಡಿಯೋ ಮುಂಚೆ ಒಂದ ಪ್ರಶ್ನೆ ಕೇಳ್ರಿ: ಸೌತ್ ಟಿರೋಲ್ ಗೆಸ್ಟ್ ಪಾಸ್ ಕೊಡತೀರೇನು? ಕೊಟ್ಟರ ಇಡೀ ಪ್ರಾಂತ್ಯದ ಬಸ್ಸು, ಲೋಕಲ್ ರೈಲು ಎಲ್ಲಾ ಪುಕ್ಕಟ. ಸೆಚೇದಾ, ಸಿಯೂಸಿ ಕೇಬಲ್ ಕಾರು ಇದರೊಳಗ ಬರಂಗಿಲ್ಲ. ಟ್ರೆ ಚಿಮೆಯ 444 ಬಸ್ಸಿಗೂ ಬ್ಯಾರೆ ಟಿಕೆಟ್, ಅದನ್ನ ಆನ್‌ಲೈನ್‌ದಾಗ ಮೊದಲ ತಗೋಬೇಕು. ಬ್ರಾಯೆಸ್‌ಗೆ ಈಚಿನ ವರ್ಷಗಳಾಗ ಜುಲೈ 10ರಿಂದ ಸೆಪ್ಟೆಂಬರ್ 10ರ ತನಕ ಬೆಳಿಗ್ಗೆ 9:30ರಿಂದ ಸಂಜಿ 4ರ ನಡುವೆ ಬುಕಿಂಗ್ ಇಲ್ಲದ ಕಾರಿಗೆ ಪ್ರವೇಶ ಇಲ್ಲ, ಆ ದಿನಗಳಾಗ ಬಸ್ಸಿಗೂ ಮುಂಗಡ ಸೀಟು ಮಾಡಬೇಕು. ನಿಮ್ಮ ತಾರೀಖು ಇದರ ಅಂಚಿನ್ಯಾಗ ಐತಿ. ದೊಬ್ಬಿಯಾಕೊದ ಮೂರು ರಾತ್ರಿ 10ನೇ ತಾರೀಖಿನ ಆಚಿಗೆ ಸರಿಸಾಕ ಬಂದ್ರ ಅರ್ಧ ಗದ್ದಲ ತಪ್ಪತೈತಿ.

ಬ್ರಾಯೆಸ್ ಕೆರಿ ಸುತ್ತಾ 3.5 ಕಿ.ಮೀ. "ಸಣ್ಣದು, ಸುತ್ತಬಹುದು" ಅಂತ ಹೊಂಟರ ಅಮ್ಮಾವರಿಗೆ ತ್ರಾಸ ಆಗತೈತಿ, ಯಾಕಂದ್ರ ಒಂದು ದಂಡೆ ಸಪಾಟ, ಇನ್ನೊಂದು ದಂಡಿಗೆ ಕಲ್ಲಿನ ಗೋಡಿ ಹಿಡಕೊಂಡು ಹತ್ತಿ ಇಳಿಯೋ ಮೆಟ್ಟಿಲು. ಹೋಟೆಲ್ ಕಡಿಂದ ಕೆರಿಗೆ ಮುಖ ಮಾಡಿ ನಿಂತರ ಬಲಗಡಿ ದಂಡೆ ಸಪಾಟ. ಆ ಕಡಿಂದ ತುದಿ ತನಕ ಹೋಗಿ, ಅದ ದಾರ್ಯಾಗ ವಾಪಸ್ ಬರ್ರಿ. ಗುಡ್ಡದ ನೆಳ್ಳು ನೀರಾಗ ಕನ್ನಡಿ ಹಂಗ ಬೀಳೋದು ಗಾಳಿ ಏಳೋ ಮುಂಚೆ. ಒಂಬತ್ತರ ಮ್ಯಾಲೆ ದೋಣಿ ಇಳಿದು ನೀರು ಕಲಕತೈತಿ.

ಮುದಗಲ್ ಕೋಟೆ

ಸೋನಾ ಅವರು ಹೇಳಿದ ಎರಡು ಊರಿನ ಪ್ಲಾನೇ ಸರಿ. ಟ್ರೆ ಚಿಮೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಅಲ್ಲಿ ಅರ್ಧಕ್ಕರ್ಧ ಜನ ತಪ್ಪು ಮಾಡುತ್ತಾರೆ. ಬಸ್ಸು ನಿಲ್ಲೋದು 2,320 ಮೀಟರ್ ಎತ್ತರದ ಔರೊಂಜೊ ತಂಗುಮನೆಯ ಹತ್ತಿರ. ಅಲ್ಲಿಂದ ಕಾಣೋದು ಮೂರು ಶಿಖರಗಳ ಬೆನ್ನು. ಫೋಟೋದಲ್ಲಿ ನೋಡಿದ, ನೆಟ್ಟಗೆ ಸೀಳಿದಂಥ ಗೋಡೆಗಳು ಉತ್ತರದ ಮುಖ, ಅದು ಆಚೆ ಬದಿಗೆ. ಬಸ್ಸಿಳಿದು "ಇಷ್ಟೇನಾ" ಅಂತ ವಾಪಸ್ ಹೋಗೋರೂ ಇದ್ದಾರೆ. ಔರೊಂಜೊದಿಂದ ಲವರೇದೊ ತಂಗುಮನೆ ತನಕ ಜೀಪು ಹೋಗುವಷ್ಟು ಅಗಲದ, ಹೆಚ್ಚುಕಮ್ಮಿ ಸಪಾಟಾದ ದಾರಿ, 40 ನಿಮಿಷ. ಅಲ್ಲಿಂದ 2,454 ಮೀಟರಿನ ಕಣಿವೆಬಾಯಿಗೆ 110 ಮೀಟರ್ ಏರು. ಅದನ್ನು ಹತ್ತಿದ ತಕ್ಷಣ ಉತ್ತರದ ಗೋಡೆಗಳು ಎದುರಿಗೇ ನಿಲ್ಲುತ್ತವೆ. ಅಮ್ಮ ಲವರೇದೊದಲ್ಲಿ ಕಾಫಿ ಕುಡಿಯುತ್ತಾ ಕೂರಲಿ, ಉಳಿದವರು ಮೇಲೆ ಹೋಗಿ ಬನ್ನಿ. ಪೂರ್ತಿ ಸುತ್ತು 10 ಕಿ.ಮೀ., ಅದು ನಿಮ್ಮ ಗುಂಪಿಗಲ್ಲ.

ಅಲ್ಲಿನ ದಾರಿಫಲಕಗಳಲ್ಲಿ ಕಿ.ಮೀ. ಇರಲ್ಲ, ಸಮಯ ಇರುತ್ತೆ. ಆ ಲೆಕ್ಕ ತಿಳಿದಿದ್ದರೆ ಮೋಸ ಹೋಗಲ್ಲ. ಸಪಾಟಿಗೆ ಗಂಟೆಗೆ 4 ಕಿ.ಮೀ., ಏರಿಗೆ ಗಂಟೆಗೆ 300 ಮೀಟರ್ ಎತ್ತರ, ಇಳಿಜಾರಿಗೆ ಗಂಟೆಗೆ 500 ಮೀಟರ್. ಅಡ್ಡಕ್ಕೆ ಎಷ್ಟು ಹೊತ್ತು, ಏರಿಳಿತಕ್ಕೆ ಎಷ್ಟು ಹೊತ್ತು ಅಂತ ಬೇರೆ ಬೇರೆ ಹಾಕಿ, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಬೇಕು. 10 ಕಿ.ಮೀ., 400 ಮೀಟರ್ ಏರು, ಅಷ್ಟೇ ಇಳಿತ ಅನ್ನಿ: ಅಡ್ಡಕ್ಕೆ ಎರಡೂವರೆ ಗಂಟೆ, ಏರಿಳಿತಕ್ಕೆ ಎರಡು ಗಂಟೆ ಚಿಲ್ಲರೆ, ಒಟ್ಟು ಸುಮಾರು ಮೂರೂವರೆ. ಇದರಲ್ಲಿ ವಿಶ್ರಾಂತಿ, ಫೋಟೋ ಏನೂ ಸೇರಿಲ್ಲ. ನಿಮ್ಮ ತಂದೆ-ತಾಯಿಗೆ ಒಂದೂವರೆ ಪಟ್ಟು ಹಿಡಿಯಿರಿ. ಕೆಂಪು-ಬಿಳಿ-ಕೆಂಪು ಪಟ್ಟಿ, ನಡುವೆ ನಂಬರ್, ಇದು ದಾರಿಯ ಗುರುತು. ಗುರುತು ಕಾಣದೆ ಹತ್ತು ನಿಮಿಷ ಆಯಿತೆಂದರೆ ಮುಂದೆ ಹೋಗಬೇಡಿ, ಕೊನೆಯ ಗುರುತಿಗೆ ವಾಪಸ್ ಬನ್ನಿ.

ನಮ್ಮ ಕಡೆಯವರಿಗೆ ಕಾಲು ಜಾರೋದು ಎಲ್ಲಿ ಗೊತ್ತಾ? ಬಳ್ಳಾರಿ ಗುಡ್ಡ, ಆನೆಗುಂದಿ ಬಂಡೆಗಳ ಕಣಶಿಲೆ ಉಪ್ಪುಕಾಗದದ ಹಾಗೆ ಒರಟು, ಎಷ್ಟೇ ಓರೆ ಇದ್ದರೂ ಚಪ್ಪಲಿ ಹಿಡಿಯುತ್ತೆ. ಡೋಲೊಮೈಟ್ ಆ ಜಾತಿ ಅಲ್ಲ. ಅದು 20 ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಕಟ್ಟಿಕೊಂಡ ಸುಣ್ಣಕಲ್ಲಿನ ಸಂತಾನ, ಕ್ಯಾಲ್ಸಿಯಂ-ಮೆಗ್ನೀಸಿಯಂ ಕಾರ್ಬೊನೇಟ್. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತೆ, ಕಲ್ಲು ಚೂರುಚೂರಾಗಿ ಬೀಳುತ್ತೆ. ಹಾಗಾಗಿ ಗೋಡೆಗಳ ಬುಡದಲ್ಲೆಲ್ಲಾ ಗರಸು ಸುರಿದಂಥ ಇಳಿಜಾರು. ಆ ಗರಸಿನ ಮೇಲೆ ನುಣುಪು ತಳದ ವಾಕಿಂಗ್ ಶೂ ಅಂದರೆ ಗೋಲಿ ಮೇಲೆ ನಡೆದಂತೆ. ಆಳವಾದ ಗೆರೆಯ ರಬ್ಬರ್ ತಳ, ಕಣಕಾಲು ಮುಚ್ಚುವ ಶೂ ಬೇಕು. ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಕೊಂಡು ಹಾಕಿ ಓಡಾಡಿ. ಅಮ್ಮನಿಗೆ ಎರಡು ಮಡಚುಕೋಲು ಕೊಡಿಸಿ, ಒಂದಲ್ಲ. ಇಳಿಯುವಾಗ ಕೋಲನ್ನು ಐದಾರು ಸೆಂಟಿಮೀಟರ್ ಉದ್ದ ಮಾಡಿ ಕಾಲಿಗಿಂತ ಮುಂದೆ ಊರಿದರೆ ಮೊಣಕಾಲಿನ ಭಾರ ತೋಳಿಗೆ ಹಂಚಿಹೋಗುತ್ತೆ.

ಚಳಿಯ ಲೆಕ್ಕವೂ ಸುಲಭ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ. ಬೋಲ್ಜಾನೊದಲ್ಲಿ 28 ಇದ್ದಾಗ 2,500 ಮೀಟರಿನ ಸೆಚೇದಾದಲ್ಲಿ 13-14, ಗಾಳಿ ಬೀಸಿದರೆ ಮೈಗೆ ಇನ್ನೂ ಕಡಿಮೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಅನ್ನೋದು ನೆನಪಿರಲಿ. ಒಳಗೆ ಹತ್ತಿ ಬನಿಯನ್ ಬೇಡ. ಬೆವರು ಕುಡಿದು ಒದ್ದೆಯಾಗೇ ಇರುತ್ತೆ, ನಿಂತ ಕೂಡಲೇ ನಡುಕ. ಬೇಗ ಒಣಗುವ ಟೀ-ಶರ್ಟ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಮಡಚಿಟ್ಟುಕೊಳ್ಳೋ ಸ್ವೆಟರ್ ಒಂದೇ ಸಾಕು ಅನ್ನೋದು ಊಟಿಗೆ ಸರಿ.

ಮಧ್ಯಾಹ್ನದ ಗುಡುಗು ಜುಲೈ-ಆಗಸ್ಟ್‌ನಷ್ಟು ಸೆಪ್ಟೆಂಬರ್‌ನಲ್ಲಿ ಇರಲ್ಲ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಬಿಸಿಲಿಗೆ ಕಾದ ಇಳಿಜಾರಿನ ಗಾಳಿ ಮೇಲೇರಿ ಮೋಡ ಕಟ್ಟುತ್ತೆ, ಎರಡು-ಮೂರು ಗಂಟೆಗೆ ಒಡೆಯುತ್ತೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡ್ ಅಂದರೆ ಒಂದು ಕಿ.ಮೀ. ಸಿಡಿಲಿನ ಹವೆಯಲ್ಲಿ, ಜೋರು ಗಾಳಿಯಲ್ಲಿ ಕೇಬಲ್ ಕಾರ್ ನಿಲ್ಲಿಸಿಬಿಡುತ್ತಾರೆ, ಆಗ ಮೇಲಿದ್ದವರು ಮೇಲೇ ಕಾಯಬೇಕು.

ಪಾಲಿಸಿ ಪತ್ರ ಕಣ್ಣಿಟ್ಟು ಓದಿ. ಶೆಂಗೆನ್ ವೀಸಾಕ್ಕೆ (ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಟ್ರೆಕ್ಕಿಂಗ್, ಬೆಟ್ಟದ ರಕ್ಷಣೆ ಹೊರಗಿಟ್ಟಿರುತ್ತಾರೆ. ಗಾಯವಿಲ್ಲದೆ ಬರೀ ಸುಸ್ತಾಗಿ ಹೆಲಿಕಾಪ್ಟರ್ ಕರೆಸಿದರೆ ಬಿಲ್ ನಿಮ್ಮ ಹೆಸರಿಗೆ. ತುರ್ತು ನಂಬರ್ 112. ಹೆಚ್ಚು ರಾತ್ರಿ ಕಳೆಯೋದು ಇಟಲಿಯಲ್ಲಾದ್ದರಿಂದ ಇಟಲಿಗೇ ವೀಸಾ ಹಾಕಿ. ಆ ವೀಸಾದಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಇಳಿದರೂ ತೊಂದರೆ ಇಲ್ಲ, ಅಲ್ಲಿಂದ ಬ್ರೆನ್ನರ್ ಘಾಟ್ ದಾಟಿ ಬೋಲ್ಜಾನೊಗೆ ನೇರ ರೈಲು, ಸುಮಾರು ನಾಲ್ಕು ಗಂಟೆ. ಅರ್ಜಿಯನ್ನು 6 ತಿಂಗಳು ಮೊದಲಿಂದ ಹಾಕಬಹುದು, ಬೇಸಿಗೆಯಲ್ಲಿ ಸ್ಲಾಟ್ ಸಿಗೋದು ಕಷ್ಟ. ಬೆರಳಚ್ಚಿಗೆ ನಾಲ್ವರೂ ಖುದ್ದಾಗಿ ಹೋಗಬೇಕು.

ಕಿನ್ನಾಳ ಬಣ್ಣ

ಮೇಲಿನವರು ಬಿಟ್ಟದ್ದನ್ನ ಹೇಳತೀನಿ: ಒರ್ಟಿಸೇಯಿ ಮತ್ತು ಊಟ.

ಸೆಚೇದಾಕ್ಕೆ ಎರಡು ಹಂತದ ಕೇಬಲ್ ಕಾರ್, ನಡುವೆ ಫುರ್ನೆಸ್‌ನಲ್ಲಿ ಬದಲಿಸಬೇಕು. ಮೇಲಿಳಿದು ಹತ್ತು ನಿಮಿಷ ಏರಿದರೆ ಗರಗಸದ ಹಲ್ಲಿನಂಥ ಓದ್ಲೆ ಶಿಖರಗಳು. ಅವು ಇರೋದು ಪೂರ್ವಕ್ಕೆ, ಹಾಗಾಗಿ ಬೆಳಿಗ್ಗೆ ಹೋದರೆ ಸೂರ್ಯ ಕಣ್ಣಿಗೇ ಹೊಡೀತಾನೆ, ಕಲ್ಲು ಕಪ್ಪಾಗಿ ಕಾಣುತ್ತೆ. ಬೆಳಕು ಚೆನ್ನಾಗಿರೋದು ಮೂರರ ಮೇಲೆ. ಕೊನೆ ಗಾಡಿ ಇಳಿಯೋದು ಸಂಜೆಯ ಹೊತ್ತಿಗೆ, ನಿಖರ ಸಮಯ ಕೆಳಗಿನ ಸ್ಟೇಷನ್ನಿನ ಬೋರ್ಡಿನಲ್ಲಿರುತ್ತೆ. ಹತ್ತುವಾಗಲೇ ಅದರ ಫೋಟೋ ತಗೊಳ್ಳಿ. ಅದು ತಪ್ಪಿದರೆ ಊರಿಗೆ 1,200 ಮೀಟರ್ ಇಳಿಯಬೇಕು, ಅಮ್ಮಾವರಿಗೆ ಅದು ಆಗದ ಮಾತು.

ಅಲ್ಲಿ ದಾರಿ ಬಿಟ್ಟು ಹುಲ್ಲಿಗೆ ಇಳೀಬ್ಯಾಡ್ರಿ. ನೋಡೋಕೆ ಪಾರ್ಕಿನ ಲಾನ್ ಥರ ಇದ್ದರೂ ಅದು ರೈತರ ಖಾಸಗಿ ಜಮೀನು, ಆ ಹುಲ್ಲು ಅವರ ದನಕ್ಕೆ ಚಳಿಗಾಲದ ಮೇವು. ತುಳಿದ ಹುಲ್ಲು ಮಲಗಿಬಿಡುತ್ತೆ, ಕೊಯ್ಯೋಕೆ ಬರಲ್ಲ. ತೆನೆಗೆ ಬಂದ ಬಿಳಿಜೋಳದ ಹೊಲದಾಗ ಯಾರೋ ಸೆಲ್ಫಿಗೆ ನುಗ್ಗಿದರೆ ನಾವು ಸುಮ್ಮನಿರ್ತೀವಾ? 2025ರಲ್ಲಿ ಸೆಚೇದಾದ ಜಮೀನಿನವರು ರೋಸಿಹೋಗಿ ದಾರಿಗೆ ತಿರುಗು-ಗೇಟು ಕೂರಿಸಿ ತಲೆಗೆ 5 ಯೂರೋ ಕೇಳಿದ್ದು ಯುರೋಪಿನಾದ್ಯಂತ ಸುದ್ದಿಯಾಯ್ತು. ಕರು ಜೊತೆಗಿರೋ ಹಸುವಿನ ಹತ್ತಿರ ಹೋಗಬ್ಯಾಡ್ರಿ, ಹಾಯುತ್ತೆ. ನೇಚರ್ ಪಾರ್ಕುಗಳಲ್ಲಿ ಡ್ರೋನ್ ನಿಷೇಧ.

ಅಮ್ಮಾವರಿಗೆ ಹೇಳಿ ಮಾಡಿಸಿದ ಜಾಗ ಅಂದರೆ ಆಲ್ಪೆ ದಿ ಸಿಯೂಸಿ. 56 ಚದರ ಕಿ.ಮೀ. ಎತ್ತರದ ಹುಲ್ಲುಗಾವಲು, ಒಳಗೆ ಅಗಲವಾದ ಸಪಾಟು ದಾರಿ, ಮಕ್ಕಳ ತಳ್ಳುಗಾಡಿ ಹೋಗುವಂಥದ್ದು. ಒರ್ಟಿಸೇಯಿಂದ ಹತ್ತಿದರೆ 2,005 ಮೀಟರಿಗೆ ಬಿಡುತ್ತೆ, ಆದರೆ ಅಲ್ಲಿಂದ ನಡೆಯೋದೆಲ್ಲ ಇಳಿಜಾರು. ಮೊಣಕಾಲಿಗೆ ಉತ್ತಮ ಅಂದರೆ ಸಿಯೂಸಿ ಊರಿಗೆ ಬಸ್ಸಲ್ಲಿ ಹೋಗಿ, ಅಲ್ಲಿನ ಕೇಬಲ್ ಕಾರಿನಲ್ಲಿ 1,844 ಮೀಟರಿನ ಕೊಂಪಾಚೊಗೆ ಏರೋದು. ಹಗಲು 9ರಿಂದ 5ರ ತನಕ ಅಲ್ಲಿಗೆ ಹೊರಗಿನ ಕಾರು ಬಿಡಲ್ಲ, ಅದಕ್ಕೇ ಅಷ್ಟು ನಿಶ್ಶಬ್ದ.

ಒಂದು ಮಧ್ಯಾಹ್ನ ಒರ್ಟಿಸೇಯಿ ಬಜಾರಿಗೇ ಇಡ್ರಿ. 17ನೇ ಶತಮಾನದಿಂದ ಮರದ ಕೆತ್ತನೆಗೆ ಹೆಸರಾದ ಊರು. ನಮ್ಮ ಕಿನ್ನಾಳದವರು ಹಗುರ ಮರಕ್ಕೆ ಹುಣಸೆಬೀಜದ ಅಂಟು ಬಳಿದು ಬಣ್ಣ ಕಟ್ಟಿದರೆ, ಅವರು ಹೆಚ್ಚಾಗಿ ಕೆತ್ತೋದು ಎತ್ತರದಲ್ಲಿ ಬೆಳೆಯೋ ಚಿರ್ಮೊಲೊ ಪೈನ್ ಮರ. ಮೆತ್ತಗಿರುತ್ತೆ, ವರ್ಷಗಟ್ಟಲೆ ಘಮ್ಮೆನ್ನುತ್ತೆ. ಕೊಳ್ಳುವಾಗ ಗೊಂಬೆಯ ಬೆನ್ನಿನ ಕಡೆ, ಮಡಿಕೆಗಳ ಸಂದಿಯಲ್ಲಿ ನೋಡ್ರಿ: ಒಂದೇ ಅಳತೆಯ, ಸಾಲುಸಾಲು ಸಣ್ಣ ಗೆರೆ ಇದ್ದರೆ ಮಷಿನ್ ಕೊರೆದು ಮೇಲೆ ಕೈಯಲ್ಲಿ ತಿದ್ದಿದ್ದು. ಉಳಿಯ ಗುರುತು ಒಂದೊಂದು ಒಂದೊಂದು ಥರ ಇರುತ್ತೆ. ಎರಡರ ಬೆಲೆಗೆ ಅಜಗಜಾಂತರ. ಕೇಳಿದರೆ ಅಂಗಡಿಯವರು ಮುಚ್ಚಿಡಲ್ಲ.

ಊಟ. ಕ್ನೋಡೆಲ್ ಅಂತ ಬ್ರೆಡ್ಡಿನ ಉಂಡೆ ಎಲ್ಲ ಕಡೆ ಸಿಗುತ್ತೆ. ಸ್ಪಿನಾಚ್ ಅಥವಾ ಚೀಸಿಂದು ಕೇಳಿ, ಸ್ಪೆಕ್ ಅಂದರೆ ಹಂದಿಮಾಂಸ. ಇಲ್ಲಿ ಎಡವೋದು ಎಲ್ಲಿ ಅಂದರೆ, ಸ್ಪಿನಾಚ್ ಉಂಡೆ ಅಂತ ಆರ್ಡರ್ ಮಾಡಿದರೂ ಅದನ್ನ ಮಾಂಸದ ಸಾರಿನಲ್ಲಿ ತೇಲಿಸಿ ತಂದಿಡ್ತಾರೆ. ಮೆನುವಿನಲ್ಲಿ "ಇನ್ ಬ್ರೋಡೊ" ಅಂತಿದ್ದರೆ ಅದೇ. ಬೆಣ್ಣೆ ಹಾಕಿದ್ದು ಕೇಳಬೇಕು. "ಸೆನ್ಸಾ ಕಾರ್ನೆ, ಸೆನ್ಸಾ ಬ್ರೋಡೊ" ಅಂದರೆ ಮಾಂಸ ಬೇಡ, ಸಾರು ಬೇಡ. ಜರ್ಮನ್‌ನಲ್ಲಿ "ಓನೆ ಫ್ಲೈಶ್". ಕ್ನೋಡೆಲ್, ಪಾಲಕ್ ತುಂಬಿದ ಶ್ಲುಟ್ಸ್‌ಕ್ರಾಪ್ಫೆನ್ ಕಡುಬು, ಕೈಜರ್‌ಶ್ಮಾರ್ನ್ ಅನ್ನೋ ಸಿಹಿ ದೋಸೆ, ಇವೆಲ್ಲದರಲ್ಲೂ ಮೊಟ್ಟೆ ಇದೆ. ಅಮ್ಮಾವರಿಗೆ ಅಣಬೆ ಹಾಕಿದ ಪೊಲೆಂಟಾ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಂದುಕೊಳ್ರಿ), ಟೊಮೆಟೊ ಪಾಸ್ತಾ, ಪಿಜ್ಜಾ. ಪಾಸ್ತಾ ಒಣಗಿದ್ದಾದರೆ ಸಾಮಾನ್ಯವಾಗಿ ಮೊಟ್ಟೆ ಇರಲ್ಲ, ಹಸಿಯದ್ದಾದರೆ ಇರುತ್ತೆ. ಬೆಟ್ಟದ ಮೇಲಿನ ತಂಗುಮನೆಗಳಲ್ಲಿ ಬಿಸಿ ಅಡುಗೆ ಹೆಚ್ಚಾಗಿ 12ರಿಂದ 2ರ ತನಕ, ಆಮೇಲೆ ಕೇಕು-ಕಾಫಿಯೇ ಗತಿ.

ಶುಟಲ್‌ಬ್ರೋಟ್ ಅಂತ ಕೊಂಡು ಚೀಲದಲ್ಲಿ ಇಟ್ಕೊಳ್ಳಿ. ರೈ ಹಿಟ್ಟಿನ, ಸೋಂಪು ಹಾಕಿ ಒಣಗಿಸಿದ ಚಕ್ರದಂಥ ರೊಟ್ಟಿ. ಮುರಿದರೆ ನಮ್ಮ ಖಡಕ್ ರೊಟ್ಟಿಯದೇ ಸದ್ದು, ತಿಂಗಳುಗಟ್ಟಲೆ ಇರುತ್ತೆ. ಅದಕ್ಕೆ ಮನೆಯ ಶೇಂಗಾ ಚಟ್ನಿಪುಡಿ ಬಲು ಜೋಡಿ. ಚಟ್ನಿಪುಡಿ, ರೊಟ್ಟಿ ಒಯ್ಯಬಹುದು. ತುಪ್ಪ, ಪೇಡಾ, ಹಾಲಿನ ಯಾವ ಪದಾರ್ಥವನ್ನೂ ಒಯ್ಯಬ್ಯಾಡ್ರಿ: ಹೊರಗಿನಿಂದ ಬರುವ ಹಾಲು-ಮಾಂಸದ ಪದಾರ್ಥಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ ಇದೆ, ಕಸ್ಟಮ್ಸ್‌ನವರು ಕಸದ ಬುಟ್ಟಿಗೆ ಹಾಕ್ತಾರೆ.

ಸಂಡೂರು ಕಣಿವೆ

ರೇಸಿಯಾ ಬಿಟ್ಟುಬಿಡಿ ಅಂತ ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನ್ನ ತಕರಾರಿದೆ. 1950ರಲ್ಲಿ ವಿದ್ಯುತ್‌ಗಾಗಿ ಎರಡು ಕೆರೆ ಸೇರಿಸಿ ನೀರಿನ ಮಟ್ಟ 22 ಮೀಟರ್ ಏರಿಸಿದಾಗ ಗ್ರೌನ್ ಅನ್ನೋ ಊರು ಮುಳುಗಿತು. ಉಳಿಸಿದ್ದು 14ನೇ ಶತಮಾನದ ಇಗರ್ಜಿಯ ಗಂಟೆಗೋಪುರ ಒಂದನ್ನೇ. ಮೂರು ವರ್ಷದ ನಂತರ, 1953ರಲ್ಲಿ, ನಮ್ಮ ತುಂಗಭದ್ರಾ ಡ್ಯಾಂ ಮುಗಿದು ಇಲ್ಲಿಯೂ ಹಳ್ಳಿಗಳು ನೀರಿಗೆ ಹೋದವು. ಈ ಜಿಲ್ಲೆಗಳವರು ಆ ಗೋಪುರವನ್ನ ಬರೀ ಫೋಟೋ ಪಾಯಿಂಟ್ ಅಂತ ನೋಡೋಕಾಗಲ್ಲ. ಆದರೂ ದೂರದ ವಿಚಾರದಲ್ಲಿ ಸೋನಾ ಅವರದ್ದೇ ಸರಿ: ಕಾರಿಲ್ಲದೆ, ಈ ವಯಸ್ಸಿನವರ ಜೊತೆ, ಈ 7 ರಾತ್ರಿಯಲ್ಲಿ ಆಗಲ್ಲ. ಸ್ಟೆಲ್ವಿಯೊ ಅಂತೂ 2,757 ಮೀಟರಿಗೆ ಒಂದೇ ಬದಿಯಲ್ಲಿ 48 ಹೇರ್‌ಪಿನ್ ತಿರುವು, ಹೊಟ್ಟೆ ತೊಳಸೋರಿಗೆ ಶಿಕ್ಷೆ.

ಅದರ ಬದಲು ಒಂದು ದಿನ ಬೋಲ್ಜಾನೊ ಮೇಲಿನ ರೆನೊನ್ ಅನ್ನೋ ಎತ್ತರದ ಬಯಲು ಹಾಕಿಕೊಳ್ಳಿ. ಬೋಲ್ಜಾನೊ ರೈಲ್ವೆ ಸ್ಟೇಷನ್ ಹತ್ತಿರದಿಂದಲೇ ಕೇಬಲ್ ಕಾರ್, 12 ನಿಮಿಷಕ್ಕೆ 1,221 ಮೀಟರಿನ ಸೊಪ್ರಬೋಲ್ಜಾನೊ. ಅಲ್ಲಿಂದ 1907ರ ಪುಟ್ಟ ರೈಲು ಕೊಲ್ಲಾಲ್ಬೊ ತನಕ. ಇಳಿದು ಅರ್ಧ ಗಂಟೆ ನಡೆದರೆ ಮಣ್ಣಿನ ಕಂಬಗಳು. ಹಿಮನದಿ ಬಿಟ್ಟುಹೋದ ಜೇಡಿ, ಒಣಗಿದಾಗ ಕಲ್ಲು, ಒದ್ದೆಯಾದರೆ ಕೆಸರು. ಎಲ್ಲಿ ಮೇಲೊಂದು ಬಂಡೆ ಕೂತಿದೆಯೋ ಅಲ್ಲಿ ಮಳೆ ತಾಗದೆ ಕೆಳಗಿನ ಮಣ್ಣು ಉಳಿದು, ಸುತ್ತಲಿನದ್ದು ಕೊಚ್ಚಿಹೋಗಿ, ಟೋಪಿ ಹಾಕಿದ ಕಂಬವಾಗುತ್ತೆ. ಟೋಪಿ ಬಿದ್ದ ಕಂಬ ಮಳೆಗೆ ಕರಗುತ್ತಾ ಹೋಗುತ್ತೆ. ಬೆಳಿಗ್ಗೆ ಇದನ್ನ ಮುಗಿಸಿ ಮಧ್ಯಾಹ್ನ ಬೋಲ್ಜಾನೊದ ಪುರಾತತ್ವ ಮ್ಯೂಸಿಯಂ: 1991ರ ಸೆಪ್ಟೆಂಬರ್ 19ರಂದು 3,210 ಮೀಟರ್ ಎತ್ತರದ ಮಂಜಿನಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ, ಓಟ್ಜಿ ಅಂತ ಹೆಸರಿಟ್ಟ ಮನುಷ್ಯನ ದೇಹ ಅಲ್ಲಿದೆ, ಮೈನಸ್ 6 ಡಿಗ್ರಿಯಲ್ಲಿ. ಸಣ್ಣ ಕಿಟಕಿ, ಸಾಲು ಉದ್ದ. ಸೆಪ್ಟೆಂಬರ್‌ನಲ್ಲಿ ಸೋಮವಾರ ರಜೆ.

ಸಂಜೆ ತಾಲ್ವೆರಾ ಸೇತುವೆ ಮೇಲೆ ಪೂರ್ವಕ್ಕೆ ತಿರುಗಿ ನಿಂತರೆ ಎದುರಿಗೆ ರೋಜೆನ್‌ಗಾರ್ಟನ್ ಬೆಟ್ಟಸಾಲು. ಈ ಬೂದು-ಬಿಳಿ ಕಲ್ಲು ಮುಳುಗೋ ಬಿಸಿಲಿಗೆ ಕೆಂಪಾಗುವುದನ್ನ ಲದೀನರು ಎನ್ರೊಸದೀರಾ ಅಂತಾರೆ. ನಿಮ್ಮ ತಾರೀಖಿಗೆ ಸೂರ್ಯ ಮುಳುಗೋದು ಏಳೂವರೆಯ ಆಸುಪಾಸು, ಬಣ್ಣ ಹತ್ತು-ಹದಿನೈದು ನಿಮಿಷ. ಪಶ್ಚಿಮದಲ್ಲಿ ಮೋಡ ಇದ್ದರೆ ಏನೂ ಇಲ್ಲ.

ಕೋಟೆಗುಡ್ಡ, ಬಳ್ಳಾರಿ

ಎಲ್ಲರಿಗೂ ದೊಡ್ಡ ನಮಸ್ಕಾರ. ರೇಸಿಯಾ, ಸ್ಟೆಲ್ವಿಯೊ ತೆಗೆದೆ. ಒರ್ಟಿಸೇಯಿ 4, ದೊಬ್ಬಿಯಾಕೊ 3, ಅದೂ 10ನೇ ತಾರೀಖಿನ ನಂತರ. ಕರೆಜ್ಜಾ ಇಟ್ಟುಕೊಳ್ಳಲಾ ಬೇಡವಾ? ಅಪ್ಪನಿಗೆ ಬಿಪಿ ಇದೆ, 2,500 ಮೀಟರ್ ಪರವಾಗಿಲ್ವಾ?

ಮುದಗಲ್ ಕೋಟೆ

ಬಿಪಿ ಹತೋಟಿಯಲ್ಲಿದ್ದರೆ ಹಗಲಿಗೆ ಎರಡು-ಮೂರು ಗಂಟೆ ಆ ಎತ್ತರಕ್ಕೆ ಹೋಗಿ ಬರೋದು ಸಾಮಾನ್ಯವಾಗಿ ತೊಂದರೆ ಕೊಡಲ್ಲ, ಆದರೂ ನಿಮ್ಮ ಡಾಕ್ಟರ್ ಒಪ್ಪಿಗೆ ಪಡೆದೇ ಹೋಗಿ. ಕೇಬಲ್ ಕಾರ್ ಕಾಲು ಗಂಟೆಯಲ್ಲಿ ಸಾವಿರ ಮೀಟರ್ ಏರಿಸುತ್ತೆ, ಇಳಿದ ಕೂಡಲೇ ನಡೆಯೋದು ಬೇಡ, ಹತ್ತು ನಿಮಿಷ ಕೂತು ನೀರು ಕುಡಿದು ಹೊರಡಿ. ಮೊದಲ ದಿನವೇ ಸೆಚೇದಾ ಇಟ್ಟುಕೊಳ್ಳಬೇಡಿ, ಸಿಯೂಸಿ ಮೊದಲು. ಮಾತ್ರೆ ಕೈಚೀಲದಲ್ಲಿರಲಿ, ಜೊತೆಗೆ ಔಷಧದ ಮೂಲ ಹೆಸರಿನ ಚೀಟಿ.

ಗಂಗಾವತಿ ಸೋನಾ

ಕರೆಜ್ಜಾ ಬಿಡ್ರಿ. ಆ ಕೆರಿಗೆ ಮ್ಯಾಲಿನಿಂದ ಹರಿದು ಬರೋ ಹಳ್ಳ ಇಲ್ಲ, ನೆಲದೊಳಗಿನ ಸೆಲಿ ನೀರು. ಹಿಮ ಕರಗಿದ ಮ್ಯಾಲೆ ಮೇ-ಜೂನ್‌ದಾಗ ತುಂಬಿರತೈತಿ, ಆಮ್ಯಾಲೆ ಇಳೀತಾ ಹೋಗತೈತಿ. ಸೆಪ್ಟೆಂಬರ್‌ದಾಗ ದಂಡೆ ಬಿಳಿ ಕಲ್ಲು ಬಿಟ್ಟಿರತೈತಿ, ಸುತ್ತಲ ಕಟಾಂಜನ, ನೀರಿಗೆ ಇಳಿಯಂಗಿಲ್ಲ. ಎದುರಿನ ಕಾಡೂ 2018ರ ಅಕ್ಟೋಬರ್‌ನ ವಾಯಿಯಾ ಬಿರುಗಾಳಿಗೆ ಭಾಳ ಉರುಳೈತಿ. ಬೋಲ್ಜಾನೊದಿಂದ 180 ನಂಬರ್ ಬಸ್ ಐತಿ ಖರೆ, ಆದ್ರ ಆ ಅರ್ಧ ದಿನ ಸಿಯೂಸಿಗೆ ಎರಡನೇ ಸಲ ಹೋಗಾಕ ಇಟ್ಕೊಳ್ರಿ. ಮಳಿ ಬಂದು ಮೊದಲ ಸಲ ಏನೂ ಕಾಣಲಿಲ್ಲ ಅಂದ್ರ ಅದ ಕೆಲಸಕ್ಕೆ ಬರತೈತಿ.